ಮೇಷ್ಟ್ರ ಹೊಸ ನಿಯಮ
ಗ್ರಂಥಾಲಯದ ಮಹಡಿಯಲ್ಲಿ ಶನಿವಾರ ಸಂಜೆ ಸೇರುವ ಬೋರ್ಡ್ ಆಟದ ಬಳಗಕ್ಕೆ ಸೋಲುವುದಕ್ಕೆಂದೇ ಹೋಗುವ ಗುಮಾಸ್ತನಿಗೆ, ತನ್ನ ಮ್ಯಾನೇಜರಿಗಿಂತ ಅಲ್ಲಿನ ನಿವೃತ್ತ ಮೇಷ್ಟ್ರ ಭಯವೇ ಹೆಚ್ಚು. ನಿಯಮದ ಪುಸ್ತಕ ಸದಾ ಅವರ ತೊಡೆಯ ಮೇಲೆ. ಯಾರ ಮೊಣಕೈ ಮೇಜಿಗೆ ತಗುಲಿದರೂ ಕೆಮ್ಮುವರು, ತಾವೇ ತಪ್ಪಿದರೆ ಒಂದು ಸರದಿ ಬಿಟ್ಟುಕೊಡುವರು. ಈಚೆಗೆ ಇನ್ನೊಂದು ಶುರುವಾಗಿದೆ: “ದಾಳ ಎಷ್ಟು ಬಿತ್ತು, ಕಾಯಿ ಎಲ್ಲಿಗೆ ಹೋಯ್ತು, ಬಾಯಿಬಿಟ್ಟು ಹೇಳ್ಬೇಕು. ನಿಯಮ!” ಇವತ್ತು ಬಳಗದ ದರ್ಜಿ ರೇಗಿದ: “ನಮಗೇನು ಕಣ್ಣಿಲ್ವಾ ಮೇಷ್ಟ್ರೇ? ಎಲ್ಲಿದೆ, ತೋರಿಸಿ.” ಮೇಷ್ಟ್ರು ಪುಸ್ತಕವನ್ನು ಗುಮಾಸ್ತನತ್ತ ಚಾಚಿದರು. “ನೀನೇ ಓದಪ್ಪ.” ಇನ್ನೊಂದು ಕೈಯ ಹೆಬ್ಬೆರಳು ದಾಳದ ಕುಳಿಗಳನ್ನು ಸವರಿ ಎಣಿಸುತ್ತಿತ್ತು. ಗುಮಾಸ್ತನಿಗೆ ಹೊಳೆಯಿತು: ಕಣ್ಣು ಮಂಜಾದ ಕಥೆ ಹೊರಬಿದ್ದರೆ ಬಳಗದಲ್ಲಿ ಮೇಷ್ಟ್ರ ಕುರ್ಚಿ ಹೋದಂತೆಯೇ. ಗುಮಾಸ್ತ ಪುಟಗಳನ್ನೆಲ್ಲ ತಿರುವಿದ. ಅಂಥ ನಿಯಮ ಎಲ್ಲೂ ಇರಲಿಲ್ಲ. “ಇದೆ ಕಣಯ್ಯಾ,” ಎಂದು ದರ್ಜಿಗೆ ಹೇಳಿದ, “ಹನ್ನೆರಡನೇ ಪುಟ, ಕೊನೇ ಸಾಲು.”