ಮಡಕೆ ಶನಿವಾರ

ನಿನ್ನೆ ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿಯೊಂದನ್ನು ನನ್ನ ಕೈಗಿತ್ತು, "ಮಡಕೆ ಶನಿವಾರದ ಗಂಟ ಬಾಯಿ ಬಿಚ್ಬಾರದಂತೆ. ಅದ್ಯಾವ ಶನಿವಾರವೋ ನಂಗ್ ತಿಳೀದು, ನೀವು ಓದಿದೋರು, ನಿಮ್ಗೆ ಗೊತ್ತಂತೆ" ಎಂದು ನಕ್ಕು ಹೋದ. ಜಾಡಿಯ ಬಾಯಿಗೆ ಬಣ್ಣ ಮಾಸಿದ ನೇರಳೆ ಬಟ್ಟೆಯ ತುಂಡೊಂದನ್ನು ಬಿಗಿಯಾಗಿ ಕಟ್ಟಿದ್ದರು. ಅದನ್ನು ಕಂಡದ್ದೇ ನನಗೆ ನಗು ಬಂದು, ಬಸ್‌ ಸ್ಟ್ಯಾಂಡಿನಲ್ಲಿ ನಿಂತವರು ಟೀಚರಮ್ಮನಿಗೆ ಏನಾಯಿತೋ ಎಂದು ನೋಡುವಂತಾಯಿತು.

ಮಿತ್ರರೇ, ಈ ಶನಿವಾರವನ್ನು ನೀವು ನಮ್ಮ ಪಂಚಾಂಗದಲ್ಲಿ ಹುಡುಕಿ, ರೋಮಿನವರ ಪಂಚಾಂಗದಲ್ಲಿಯೂ ಹುಡುಕಿ, ಸಿಗುವುದಿಲ್ಲ. ಅದು ಹುಟ್ಟಿದ್ದು ಚಾಮರಾಜನಗರದ ಆರೋಗ್ಯಮ್ಮನವರ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರಿಗೆ.

ಉಡಿಗಾಲದ ನಮ್ಮ ಮನೆತನದಲ್ಲಿ ಬಿ.ಎ. ಆದ ಮೊದಲ ಜೀವ ನಾನು. ಸಂಕೋಚವಿಲ್ಲದೆ ಹೇಳುತ್ತೇನೆ, ಅವ್ವ ಬೇರೆಯವರ ಹೊಲದಲ್ಲಿ ಕಳೆ ಕಿತ್ತು ಕೊಡಿಸಿದ ಪದವಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವ ವಿನಯ ನನಗೆ ಬೇಡ. ಶಾಲೆಯಲ್ಲಿ ಕೆಲಸ ಸಿಕ್ಕಾಗ ನಾನು ಬಾಡಿಗೆಗೆ ಹಿಡಿದದ್ದು ಆರೋಗ್ಯಮ್ಮನವರ ಹಿಂದಿನ ಕೋಣೆ. ಆಕೆಯ ಗಂಡ ಚಿನ್ನಪ್ಪನವರಿಗೆ ರೇಷ್ಮೆ ಕಾರ್ಖಾನೆಯಲ್ಲಿ ಕೆಲಸ, ಒಬ್ಬಳೇ ಮಗಳು ಫಿಲೋಮಿನ. ಆ ಮನೆಯಲ್ಲಿಯೇ ನನಗೆ ಕ್ರೈಸ್ತರ ತಪಸ್ಸುಕಾಲದ ಪರಿಚಯವಾದದ್ದು. ನಲವತ್ತು ದಿನ ಮಾಂಸವಿಲ್ಲ, ಮದುವೆಯ ಮಾತಿಲ್ಲ. ಮೊದಲ ವಾರಗಳಿಗೆ ಹೆಸರೂ ಇಲ್ಲ, ಒಂದು ಎರಡು ಎಂಬ ಎಣಿಕೆ ಅಷ್ಟೆ. ಈಸ್ಟರ್ ಹಬ್ಬ ಹತ್ತಿರವಾದಂತೆ ವಾರಗಳಿಗೆ ಒಂದೊಂದೇ ಹೆಸರು ಮೂಡುತ್ತದೆ. ದೇವರ ಪಟಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿದರೆ ಅದು ಪಾದ್ರಿಗಳ ಬಾಯಲ್ಲಿ ಯೇಸು ಪಟ್ಟ ಪಾಡಿನ ವಾರ, ಆರೋಗ್ಯಮ್ಮನ ಬಾಯಲ್ಲಿ ಮುಸುಕಿನ ವಾರ. ಆಮೇಲೆ ಗರಿಗಳ ಭಾನುವಾರ, ಅದರ ಬೆನ್ನಿಗೆ ದೊಡ್ಡ ವಾರ.

ನನಗೆ ಇದು ಹೊಸದೆನಿಸಲಿಲ್ಲ. ನಮ್ಮಪ್ಪನಿಗೂ ಬೇಸಗೆ ಬರೀ ಬೇಸಗೆಯೇ, ಮಳೆ ಹತ್ತಿರವಾದಾಗಲೇ ರೇವತಿ, ಅಶ್ವಿನಿ, ಭರಣಿ ಎಂದು ಕಾಲಕ್ಕೆ ಹೆಸರು ಹತ್ತುವುದು. "ಇನ್ನೆಷ್ಟು ಮಳೆ ಐತವ್ವ ನಿನ್ ಓದು?" ಎಂದು ಆತ ಕೇಳುತ್ತಿದ್ದ. ನನ್ನ ಓದಿನ ಕಡೆಯ ತಿಂಗಳೂ ಹಾಗೆಯೇ ಹೆಸರು ಪಡೆದಿತ್ತು: ಇಂಗ್ಲಿಷ್ ವಾರ, ಚರಿತ್ರೆ ವಾರ, ಅವ್ವ ಹರಕೆ ಹೊತ್ತ ತರ್ಕಶಾಸ್ತ್ರದ ವಾರ. ಬೇಕಾದದ್ದು ಹತ್ತಿರ ಬಂದಾಗ ಮನುಷ್ಯ ಸುಮ್ಮನೆ ಕಾಯಲಾರ. ಕಾಯುವ ದಿನಗಳನ್ನು ಹೆಸರು ಹಿಡಿದು ಕರೆಯತೊಡಗುತ್ತಾನೆ, ಕರೆದರೆ ಬೇಗ ಬಂದಾವೆಂಬಂತೆ.

ಮೈಸೂರು ರಾಜ್ಯ ದೊಡ್ಡದಾಗುತ್ತದೆಂದು ಎಲ್ಲರೂ ಮಾತಾಡುತ್ತಿದ್ದ ವರ್ಷ ಅದು. ರೋಮಿನವರಿಗೂ ಎಲ್ಲವನ್ನೂ ತಿದ್ದುವ ಉಮೇದು ಬಂದಿತ್ತೇನೋ. ಗರಿಗಳ ಭಾನುವಾರದ ಪೂಜೆಯಲ್ಲಿ ಪಾದ್ರಿಗಳು, ಇನ್ನು ಮೇಲೆ ಈ ದಿನಕ್ಕೆ ಪಾಡಿನ ಎರಡನೆಯ ಭಾನುವಾರವೆಂದೂ ಹೆಸರು ಎಂದು ಸಾರಿದರು. ಆರೋಗ್ಯಮ್ಮ ಪಕ್ಕದವಳ ಕಡೆ ತಿರುಗಿ, "ಗರಿ ಕೈಲಿಡ್ಕೊಂಡ್ ನಿಂತಿವ್ನಿ, ಗರಿ ಹೆಸ್ರು ಸಾಲ್ದಾಯ್ತಂತಾ?" ಎಂದು ಶುರು ಮಾಡಿದವರು ಪಾದ್ರಿಗಳ ಮುಂದಿನ ಮಾತು ಮುಗಿದ ಮೇಲೆಯೇ ನಿಲ್ಲಿಸಿದ್ದು. ಚಿನ್ನಪ್ಪನವರು ಎಂದಿನಂತೆ ಬಾಗಿಲ ಹೊರಗೆ ಬೀಡಿ ಸೇದುತ್ತಿದ್ದರು. ಹೀಗೆ ಮನೆಯವರಾರ ಕಿವಿಗೂ ಬೀಳದೆ, ನಮಗೆಲ್ಲ ಆಮೇಲೆ ತಿಳಿದ ಆ ಮುಂದಿನ ಮಾತು ಇಷ್ಟು: ಉಪವಾಸ ಇನ್ನು ದೊಡ್ಡ ವಾರದ ಶನಿವಾರ ಮಧ್ಯಾಹ್ನಕ್ಕೆ ಮುಗಿಯುವುದಿಲ್ಲ, ಅಂದಿನ ಪೂಜೆಯೂ ರಾತ್ರಿಗೆ, ಉಪವಾಸವೂ ನಡುರಾತ್ರಿಯವರೆಗೆ.

ಇತ್ತ ಅದೇ ಶನಿವಾರ ಮಧ್ಯಾಹ್ನದ ಊಟಕ್ಕೆ ಗುಂಡ್ಲುಪೇಟೆಯಿಂದ ಫಿಲೋಮಿನಳನ್ನು ನೋಡಲು ಬರುವವರಿದ್ದರು. ಅವಳನ್ನು ನೋಡಿ ಉಂಡುಹೋದ ಹಿಂದಿನ ಇಬ್ಬರು ಸುದ್ದಿಯನ್ನೇ ಕಳಿಸಿರಲಿಲ್ಲ. ಈ ಸಲದ ಜೋಸೆಫನನ್ನು ಯಾರದೋ ಮದುವೆಯಲ್ಲಿ ಕಂಡಿದ್ದ ಫಿಲೋಮಿನ, ನನ್ನೊಬ್ಬಳಿಗೆ, "ಇವನಾದ್ರೆ ಸೈ ಟೀಚರಮ್ಮ" ಎಂದಿದ್ದಳು. ಒಪ್ಪಬೇಕಾದವಳು ಅವನ ಅಜ್ಜಿ ತೆರೇಸಮ್ಮ. ವೈನಾಡಿನ ಕಡೆಯಿಂದ ಸೊಸೆಯಾಗಿ ಬಂದವಳು, ಆ ಮನೆಯ ಹೈಕೋರ್ಟು.

ಶನಿವಾರ ಬೆಳಿಗ್ಗೆ ಚಿನ್ನಪ್ಪನವರು ಮಾಂಸ ತಂದರು, ಮಡಕೆ ಒಲೆ ಏರಿತು. ಪೂಜೆಗೆಂದು ಹೋದ ಆರೋಗ್ಯಮ್ಮ ಚರ್ಚಿನ ಬಾಗಿಲು ಮುಚ್ಚಿರುವುದನ್ನು ಕಂಡು, ಪಾದ್ರಿಗಳ ಸಹಾಯಕ ಉಪದೇಶಿಯಿಂದ ಸಂಗತಿ ಕೇಳಿ, ಓಡುತ್ತ ಬರುವ ಹೊತ್ತಿಗೆ ಸಾರಿನ ಘಮ ಬೀದಿಯ ತುದಿಗೆ ಹೋಗಿ ಅವರನ್ನು ಎದುರುಗೊಂಡಿತ್ತು. ಬಡಿಸಿದರೆ ಪಾಪ, ಬಡಿಸದಿದ್ದರೆ ಅವಮಾನ. ಮಡಕೆಯನ್ನು ಬೂದಿ ಮುಚ್ಚಿದ ಕೆಂಡದ ಮೇಲೆ ಬಚ್ಚಿಟ್ಟು, ಮುದ್ದೆ ಮತ್ತು ಹುರುಳಿಕಾಳಿನ ಬಸ್ಸಾರಿಗೆ ಕೈ ಹಾಕಿದೆವು.

ಬೀಗರಾಗಬೇಕಾದವರು ಬಂದರು, ಎಲೆಯ ಮುಂದೆ ಕೂತರು. ಪಾದ್ರಿಗಳು ಅಪರೂಪಕ್ಕೆ ಬರುವ ಊರಿನವರು. ಅವರ ಪಾಲಿಗೆ ಶನಿವಾರ ಇನ್ನೂ ಹಳೆಯ ಶನಿವಾರವೇ. ಎಲೆಗೆ ಬಸ್ಸಾರು ಬಿತ್ತು. ತೆರೇಸಮ್ಮ ಗಾಳಿಯನ್ನೊಮ್ಮೆ ಮೂಸಿ, ಎಲೆಯನ್ನೊಮ್ಮೆ ನೋಡಿ ಕೇಳಿದಳು, "ಮೂಗಿಗೊಂದು ಬಾಯಿಗೊಂದಾ, ಆರೋಗ್ಯಮ್ಮ?"

ಈಗಲ್ಲದೆ ಇನ್ನಾವಾಗ ನನ್ನ ಪದವಿಗೆ ಕೆಲಸವೆಂದು ನಾನು ಮುಂದೆ ಬಂದು, ರೋಮಿನಿಂದ ಹಿಡಿದು ಉಪದೇಶಿಯವರೆಗೆ ಸಕಾರಣವಾಗಿ ವಿವರಿಸಿದೆ. ಅಜ್ಜಿ ಕೊನೆಯವರೆಗೂ ಕೇಳಿ ಹೇಳಿದಳು, "ನೀವ್ ಓದಿರೋದು ಸರಿ ಕಣವ್ವ. ನನ್ ಹೊಟ್ಟೆ ಓದಿಲ್ವಲ್ಲ."

ಆಗ ಫಿಲೋಮಿನ ಒಳಗಿನಿಂದ ಮಡಕೆಯನ್ನೇ ಎತ್ತಿ ತಂದು ಎಲೆಗಳ ಮುಂದೆ ಇಟ್ಟಳು. ಪಟಗಳಿಗೆ ಹೊದಿಸಿ ಉಳಿದ ನೇರಳೆ ಬಟ್ಟೆಯನ್ನು ಅದರ ಬಾಯಿಗೆ ಕಟ್ಟಿದ್ದಳು.

"ಸ್ವಾಮಿ ಪಟಕ್ಕೂ ಮುಸುಕು, ಇದ್ಕೂ ಮುಸುಕು ಕಣಜ್ಜಿ. ರಾತ್ರಿ ಅಲ್ಲಿ ತೆಗುದ್ಮೇಲೆ ಇಲ್ಲೂ ತೆಗೀತೀನಿ. ಇರ್ತೀರೋ, ಇಲ್ಲ ಮೂರ್ ಗಂಟೆ ಬಸ್ಸಿಗೇ ಓಯ್ತೀರೋ?"

ಹೆಣ್ಣು ನೋಡಲು ಬಂದವರೊಡನೆ ಹೆಣ್ಣು ಹೀಗೆ ಮಾತಾಡಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಚಿನ್ನಪ್ಪನವರು ಸೂರು ನೋಡಿದರು. ಬಂದಾಗಿನಿಂದ ತುಟಿ ಬಿಚ್ಚದಿದ್ದ ಜೋಸೆಫ ಮುದ್ದೆ ಮುರಿಯುತ್ತ, "ಬಸ್ಸು ನಾಳೇನೂ ಐತೆ" ಎಂದ.

ಅಜ್ಜಿ ಮೊಮ್ಮಗನನ್ನು ನೋಡಿದಳು, ಮಡಕೆಯನ್ನು ನೋಡಿದಳು, ಆಮೇಲೆ ಭುಜ ಕುಲುಕಿ ನಗತೊಡಗಿದಳು. "ನಮ್ ತವರಲ್ಲಿ ಗರಿ ಹಬ್ಬದ ಹಿಂದಿನ್ ದಿನ ಕೊಳುಕಟ್ಟೆ ಶನಿವಾರ ಅಂತ ಕಡುಬು ಮಾಡ್ತಿದ್ರು ಕಣಮ್ಮಿ. ಇದು ನಿನ್ ಮಡಕೆ ಶನಿವಾರ. ಬಸ್ಸಾರು ಹಾಕು. ನಲವತ್ತು ದಿನ ಕಾದೋಳು ಇನ್ನೊಂದೊತ್ತು ಕಾಯಕಿಲ್ವಾ? ಮುಂದಿನ್ ವರ್ಷ ನಮ್ಮನೇಲೇ ಕಟ್ಟೀಯಂತೆ."

ಆ ಕೊನೆಯ ಮಾತು ಅರ್ಥವಾಗಲು ಆರೋಗ್ಯಮ್ಮನಿಗೆ ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ, ತಾಯಿ ಒಂದೇ ಎಲೆಗೆ ಮೂರು ಸಲ ಬಸ್ಸಾರು ಬಡಿಸಿದರು.

ಫಿಲೋಮಿನ ಕಳಿಸಿದ ಜಾಡಿ ಈಗ ನನ್ನ ಕಿಟಕಿಯಲ್ಲಿದೆ. ಅರಿಸಿನ ಮಾರಲು ಪೇಟೆಗೆ ಬಂದ ಅಪ್ಪ ಇಂದು ಬೆಳಿಗ್ಗೆ ಅದನ್ನು ಮೂಸಿ, ಗಂಟಿಗೆ ಕೈ ಹಾಕಿದ. ನಾನು ತಡೆದೆ.

"ಇನ್ಯಾವಾಗವ್ವ ಬಿಚ್ಚೋದು?"

"ಮಡಕೆ ಶನಿವಾರಕ್ಕೆ ಕಣಪ್ಪ."

ಅಪ್ಪ ಬೆರಳು ಮಡಿಸಿ, ಕಣ್ಣು ಕಿರಿದು ಮಾಡಿ ಲೆಕ್ಕ ಹಾಕಿದ. ತಾತ ಮುತ್ತಾತನ ಕಾಲದಿಂದ ಬಂದ ಹಬ್ಬವೆಂಬಂತೆ ಗಂಭೀರವಾಗಿ ಕೇಳಿದ, "ಅದು ರೇವತೀಲಿ ಬತ್ತದೋ, ಅಶ್ವಿನೀಲೋ?"

ಗೊತ್ತಿಲ್ಲವೆಂದೆ. ಬಿ.ಎ.ಯಲ್ಲಿ ಅದನ್ನು ಕಲಿಸಿರಲಿಲ್ಲ.

"ಯಾವ್ದಾದ್ರೂ ಬರ್ಲಿ ಬುಡು," ಎಂದ ಅಪ್ಪ, ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತ. "ನಿಮ್ಮವ್ವನ್ನೂ ಕರ್ಕೊಂಡೇ ಬತ್ತೀನಿ. ಮುದ್ದೆ ಮಾಡ್ಸಿರು."