ಏಳನೇ ತೊಟ್ಟಿಯ ವೈನ್

ಕೆಲಸದ ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ಐದು ಮಂದಿ ಗೌರವಸ್ಥರು ಸಾಲಾಗಿ ನಿಂತು, ಬಾಯಲ್ಲಿದ್ದ ಕೆಂಪು ವೈನನ್ನು ಬಕೆಟ್ಟಿಗೆ ಉಗಿದು, ಒಟ್ಟಿಗೇ ನನ್ನ ಮುಖ ನೋಡಿದರು. ನಾನು ನನ್ನ ಪಾಲಿನದನ್ನು ನುಂಗಿಬಿಟ್ಟಿದ್ದೆ. ಹಿರಿಯರ ಎದುರು ಉಗಿಯುವುದನ್ನು ನಮ್ಮೂರು ಕಣಕಟ್ಟೆಯಲ್ಲಿ ಯಾರೂ ನನಗೆ ಕಲಿಸಿರಲಿಲ್ಲ.

"ಹೇಳಿ" ಅಂದರು ಉಗ್ರಾಣದ ಮುಖ್ಯಸ್ಥ ಮಾರ್ಸೆಲ್. ಇಲ್ಲಿ ಎಲ್ಲರಿಗಿಂತ ಕಿರಿಯರೇ ಮೊದಲು ಅಭಿಪ್ರಾಯ ಹೇಳಬೇಕು. ಹಿರಿಯರು ಮೊದಲು ಮಾತಾಡಿದರೆ ಉಳಿದವರೆಲ್ಲ ಹೂಂಗುಟ್ಟುತ್ತಾರಂತೆ. ನಾನು ಅವರ ಹುಬ್ಬು ನೋಡಿಕೊಂಡು, ಚೆನ್ನಾಗಿದೆ ಎಂದೆ.

"ವೈನ್ ಲೋಟದಲ್ಲಿದೆ, ನನ್ನ ಮುಖದಲ್ಲಿಲ್ಲ" ಅಂದರು.

ಫ್ರಾನ್ಸಿನ ಬೋರ್ಡೋ ನಗರದಾಚೆ ಇಂಥ ದ್ರಾಕ್ಷಿತೋಟಗಳು ಸಾಲುಗಟ್ಟಿವೆ. ತೋಟ, ಬಂಗಲೆ, ಉಗ್ರಾಣ ಎಲ್ಲ ಸೇರಿ ಶಾತೋ. ಚಳಿಗಾಲ ಮುಗಿಯುವ ಹೊತ್ತಿಗೆ ಪ್ರತಿ ತೊಟ್ಟಿಯ ವೈನನ್ನೂ, ಅಮಲೇರದಂತೆ ಉಗಿಯುತ್ತಲೇ ರುಚಿ ನೋಡಿ, ವಿಂಗಡಿಸುತ್ತಾರೆ. ಮೇಲ್ತರದ್ದು ಮನೆತನದ ಹೆಸರಿನ ಬಾಟಲಿಗೆ ಹೋಗುತ್ತದೆ. ಅದರ ಕೆಳಗಿನದು 'ಸೆಗೋಂ ವ್ಯಾಂ', ಅಂದರೆ ಎರಡನೇ ವೈನ್. ಅದೇ ಮಣ್ಣು, ಅದೇ ಕೈ, ಲೇಬಲ್ಲಿನ ಮೇಲೆ ಮಾತ್ರ ಬೇರೆ ಹೆಸರು. ಕೆಟ್ಟದ್ದೇನಲ್ಲ, ಹೆಚ್ಚು ವರ್ಷ ಕಾಯದೆ ಕುಡಿಯುವಂಥದ್ದು. ಕೊಬ್ಬರಿ ವಿಂಗಡಿಸುವ ಮನೆಯಲ್ಲಿ ಹುಟ್ಟಿದವಳಿಗೆ ಇದು ಬೇಗ ಅರ್ಥವಾಯಿತು. ಮೊದಲು ಬಾಯಿ ಬಿಡುವುದೇ ಕಷ್ಟವಾಯಿತು.

ಅದಕ್ಕೆ ಕಾರಣವಿದೆ. ನಮ್ಮ ಅಟ್ಟದಲ್ಲಿ ತೆಂಗಿನಕಾಯಿ ವರ್ಷದ ಹತ್ತಿರ ಒಣಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಅನ್ನಬೇಕು. ನನಗೆ ಹನ್ನೆರಡು ವರ್ಷವಿದ್ದಾಗ ಅರಸೀಕೆರೆಯ ಮಂಡಿಯವರ ಎದುರು ಅಪ್ಪಾಜಿ ಒಂದು ಕಾಯಿ ಅಲ್ಲಾಡಿಸಿ "ಒಣಗೈತೆ" ಅಂದರು. ಪಕ್ಕದಲ್ಲಿದ್ದ ನಾನು "ಇಲ್ಲ, ನೀರೈತೆ" ಎಂದೆ. ಒಡೆದರೆ ನೀರಿತ್ತು. ಮಂಡಿಯವರು ನಕ್ಕರು. ಅವರು ಹೋದಮೇಲೆ ಅಪ್ಪಾಜಿ, "ದೊಡ್ಡೋರು ಮಾತಾಡೋವಾಗ ಬಾಯಿ ಹಾಕ್ಬಾರ್ದು ಕಣವ್ವ" ಅಂದರು, ಅಷ್ಟೇ. ಆಮೇಲೆ ನನ್ನನ್ನು ಅಟ್ಟ ಹತ್ತಿಸಲಿಲ್ಲ.

ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿ ಇಲ್ಲಿಗೆ ಬಂದು ಮೂರು ವರ್ಷವಾಯಿತು. ಅಮ್ಮ ಊರಲ್ಲಿ "ದ್ರಾಕ್ಷಿ ಜ್ಯೂಸ್ ಫ್ಯಾಕ್ಟ್ರಿ" ಎಂದು ಹೇಳಿಕೊಂಡು ಬಚಾವಾಗಿದ್ದಾರೆ. ಬ್ರೆಡ್ ಅಂಗಡಿಯ ಮೇಲೊಂದು ಕೋಣೆ ನನ್ನದು. ರುಚಿ ನೋಡುವ ವಾರಗಳಲ್ಲಿ ಖಾರ ಮುಟ್ಟುವಂತಿಲ್ಲ, ನಾಲಿಗೆ ಮಂಕಾಗುತ್ತದೆ. ಮುದ್ದೆಯನ್ನು ಸಪ್ಪೆ ಬೇಳೆಕಟ್ಟಿನಲ್ಲಿ ನುಂಗುತ್ತೇನೆ. ಆಗ ಊರು ಬಹಳ ನೆನಪಾಗುತ್ತದೆ, ಅಳುವೂ ಬರುತ್ತದೆ.

ಈ ವರ್ಷ ಏಳನೇ ತೊಟ್ಟಿಯ ಸರದಿ ಬಂತು. ಅದರ ದ್ರಾಕ್ಷಿಯ ಬಳ್ಳಿಗಳನ್ನು ನೆಟ್ಟವರು ಮಾರ್ಸೆಲ್ ಅವರ ತಂದೆ. ಮಾರ್ಸೆಲ್ ನಿವೃತ್ತರಾಗುವ ವರ್ಷವಿದು. ಅದು ಮೊದಲ ವೈನಿಗೇ ಸೇರಬೇಕೆಂಬ ಅವರ ಆಸೆ ಎಲ್ಲರಿಗೂ ಗೊತ್ತಿತ್ತು. ನನ್ನ ಕೆಲಸದ ಒಪ್ಪಂದ ಆ ತಿಂಗಳು ಮುಗಿಯುವುದಿತ್ತು. ಮುಂದುವರಿಸುವ ಸಹಿ ಅವರದೇ. ಸಹಿ ಬೀಳದಿದ್ದರೆ ವೀಸಾ ಇಲ್ಲ, ಗಂಟುಮೂಟೆ ಕಟ್ಟಬೇಕು.

ಬಾಯಿಗೆ ಹಾಕಿಕೊಂಡೆ. ಪರಿಮಳ ಚೆನ್ನಾಗಿತ್ತು. ಆದರೆ ನಾಲಿಗೆಯ ನಡುವಿಗೆ ಬರುವಷ್ಟರಲ್ಲಿ ತೆಳ್ಳಗಾಗಿ ಮುಗಿದೇ ಹೋಯಿತು. ಇನ್ನೊಮ್ಮೆ ನೋಡಿದೆ, ಹಾಗೆಯೇ. ಉಗಿದೆ. ಲೋಟವನ್ನು ಮೇಜಿನ ಮೇಲಿಟ್ಟೆ. ಎಲ್ಲರೂ ಕಾಯುತ್ತಿದ್ದರು. ನಾನು ಮಾರ್ಸೆಲ್ ಅವರ ಮುಖ ನೋಡದೆ ಗೋಡೆ ನೋಡಿದೆ.

"ಎರಡನೆಯದಕ್ಕೆ" ಎಂದೆ.

ಯಾರೋ ಕೆಮ್ಮಿದರು. ಉಳಿದ ನಾಲ್ವರೂ ಒಬ್ಬೊಬ್ಬರಾಗಿ, ನೆಲ ನೋಡುತ್ತಾ, ಎರಡನೆಯದಕ್ಕೆ ಎಂದರು. ಮಾರ್ಸೆಲ್ ಲೋಟವನ್ನು ಮತ್ತೆ ಎತ್ತಿದರು. ಈ ಬಾರಿ ಉಗಿಯಲಿಲ್ಲ, ನುಂಗಿದರು. ಎದ್ದು ಹೋಗಿ ಸೀಮೆಸುಣ್ಣದಿಂದ ತೊಟ್ಟಿಯ ಮೇಲೆ ತಾವೇ '2' ಎಂದು ಬರೆದರು.

ಮೂರು ದಿನ ಅವರು ನನಗೆ 'ಬೋಂಜೂರ್' ಅನ್ನಲಿಲ್ಲ. ಇಲ್ಲಿ ಬೆಳಗಿನ ನಮಸ್ಕಾರ ತಪ್ಪಿಸುವುದು ಬೈಗುಳಕ್ಕಿಂತ ಹೆಚ್ಚು. ನಾನು ಪೆಟ್ಟಿಗೆ ಕೆಳಗಿಳಿಸಿ ಅರ್ಧ ತುಂಬಿದ್ದೆ. ನಾಲ್ಕನೇ ದಿನ ನನ್ನ ಮೇಜಿನ ಮೇಲೆ ಸಹಿಯಾದ ಕಾಗದವಿತ್ತು.

ಅದೇ ದಿನ ಊರಿಗೆ ಫೋನ್ ಮಾಡಿ ಅಪ್ಪಾಜಿಗೆ ಎಲ್ಲ ಹೇಳಿದೆ. ಆಮೇಲೆ ಏಣಿಯ ಸದ್ದು ಕೇಳಿಸಿತು, ಫೋನ್ ಹಿಡಿದೇ ಅಟ್ಟ ಹತ್ತುತ್ತಿದ್ದರು.

"ಫೋನ್ ಹತ್ರ ಒಂದ್ ಕಾಯಿ ಅಲ್ಲಾಡುಸ್ತೀನಿ. ಒಣಗೈತಾ ಇಲ್ವಾ, ನೀನೇ ಮೊದ್ಲು ಹೇಳವ್ವ."

ಕಿವಿಗೆ ಒತ್ತಿ ಹಿಡಿದೆ. ಅವರ ಏದುಸಿರು ಬಿಟ್ಟರೆ ಏನೂ ಇಲ್ಲ.

"ಇನ್ನೊಂದ್ಸಲ ಅಪ್ಪಾಜಿ."

ಮತ್ತೆ ಅಲ್ಲಾಡಿಸಿದರು. ಒಣಗಿದೆ ಎಂದುಬಿಡಬಹುದಿತ್ತು. ಅವರಿಗೆ ಸಂತೋಷವಾಗುತ್ತಿತ್ತು.

"ಕೇಳಿಸ್ತಿಲ್ಲ ಅಪ್ಪಾಜಿ" ಎಂದೆ.

"ಹೋಗ್ಲಿ ಬಿಡು. ಇದೊಂದ್ನ ಬ್ಯಾರೆ ಮಡಗಿರ್ತೀನಿ. ನೀ ಬಂದ್ಮ್ಯಾಕೆ ಹೇಳೀವಂತೆ."

ನನಗೆ ರಜೆ ಸಿಗುವುದು ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ಆ ಕಾಯಿ ಹೇಗಿದ್ದರೂ ಒಣಗಿರುತ್ತದೆ.