ತಂಗಿಯ ಎರಡನೇ ಸೂಜಿ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಸ್ಕ್ಯಾನ್ ಅಕ್ಕ ಎಂದೇ ಕರೆಯುತ್ತಿದ್ದರು. ಹುದ್ದೆಯಲ್ಲಿ ಸ್ಕ್ಯಾನ್ ಕೋಣೆಯ ಆಯಾ. ಮಂಚಕ್ಕೆ ಹೊಸ ಹಾಳೆ ಹಾಸುವುದು, ಜೆಲ್ ಒರೆಸುವುದು, ಸೂಜಿಯಿಂದ ತೆಗೆದ ತುಣುಕುಗಳ ಡಬ್ಬಿಗೆ ಚೀಟಿ ಅಂಟಿಸಿ ಲ್ಯಾಬಿಗೆ ಒಯ್ಯುವುದು ಅವಳ ಕೆಲಸ. ಯಾರೂ ಹೇಳದ ಇನ್ನೊಂದು ಕೆಲಸವನ್ನೂ ಹದಿನೆಂಟು ವರ್ಷ ಮಾಡಿದ್ದಳು. ಎದೆಯ ಗಂಟಿಗೆ ಬಯಾಪ್ಸಿ ಮಾಡಿಸಿಕೊಳ್ಳುವ ಹೆಂಗಸರ ಕೈ ಹಿಡಿದು, “ಹೆದರ್ಬೇಡಿ ಅಮ್ಮ, ಡಾಕ್ಟ್ರು ಪರದೆ ನೋಡ್ಕೊಂಡೇ ಹಾಕ್ತಾರೆ. ಈ ಸೂಜಿ ಸುಳ್ಳು ಹೇಳಲ್ಲ,” ಎನ್ನುತ್ತಿದ್ದಳು.

ಅವಳ ತಂಗಿ ಶಾಲೆಯ ವ್ಯಾನ್ ಓಡಿಸುವವಳು. ವ್ಯಾನಿಗೆ ಬ್ರೇಕ್ ಇದೆ, ಇವಳ ಬಾಯಿಗಿಲ್ಲ ಎಂದು ಮನೆಯವರ ತಮಾಷೆ. ಎದೆಯಲ್ಲಿ ಸೀಟ್ ಬೆಲ್ಟ್ ಒತ್ತುವ ಕಡೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತೆಂದು ಅವಳು ಹೇಳಿದ್ದೇ ತಡ, ಅಕ್ಕ ಆಸ್ಪತ್ರೆಗೆ ಎಳೆದು ತಂದಳು. ಎದೆಯ ಎಕ್ಸ್‌ರೇ, ಅಂದರೆ ಮ್ಯಾಮೋಗ್ರಾಂ ಆಯಿತು, ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಸೂಜಿಯೂ ಆಯಿತು. ಅಕ್ಕ ಕೈ ಹಿಡಿದು ಅದೇ ಮಾತು ಹೇಳಿದಳು.

ಐದನೇ ದಿನ ವರದಿ ಬಂತು. ಕ್ಯಾನ್ಸರ್ ಇಲ್ಲ. ತಂಗಿ ಕಾರಿಡಾರಿನಲ್ಲೇ ಅತ್ತು, ನಕ್ಕು, ಶಾಲೆಯ ಮಕ್ಕಳನ್ನು ಕರೆತರಲು ಓಡಿದಳು.

ಮಧ್ಯಾಹ್ನ, ಸೂಜಿ ಹಾಕಿದ್ದ ಡಾಕ್ಟರಮ್ಮ ಅಕ್ಕನಿಗೆ ತಂಗಿಯ ಮ್ಯಾಮೋಗ್ರಾಂ ತೋರಿಸಿದರು. ಒಂದು ಕಡೆ ಸುಣ್ಣದ ಪುಡಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು.

“ಇಂಥ ಚುಕ್ಕೆ ಕ್ಯಾನ್ಸರ್ ಇರಬಹುದು ಅನ್ನೋದರ ಗುರುತು. ಇವು ಅಲ್ಟ್ರಾಸೌಂಡಲ್ಲಿ ಸರಿಯಾಗಿ ಕಾಣಲ್ಲ. ನಾನು ತೆಗೆದಿದ್ದು ಪಕ್ಕದ ಗಂಟಿಂದು. ಚಿತ್ರ ಒಂದು ಹೇಳಿ ವರದಿ ಇನ್ನೊಂದು ಹೇಳಿದ್ರೆ ಸುಮ್ನಿರೋ ಹಾಗಿಲ್ಲ. ಮ್ಯಾಮೋಗ್ರಾಂ ನೋಡ್ಕೊಂಡು ಇನ್ನೊಂದ್ಸಲ ತೆಗೀಬೇಕು.”

“ಹಾಗಾದ್ರೆ ಸೂಜಿ ತಪ್ಪುತ್ತಾ ಮೇಡಂ?”

“ನೂರಕ್ಕೆ ಎರಡೋ ಮೂರೋ ಸಲ. ಅದಕ್ಕೇ ಎರಡನ್ನೂ ತಾಳೆ ನೋಡೋದು.”

ಸಂಜೆ ಅಕ್ಕ ಮನೆಗೆ ಹೋದಾಗ ತಂಗಿ ವ್ಯಾನ್ ತೊಳೆಯುತ್ತಿದ್ದಳು. ವಿಷಯ ಕೇಳಿ ಪೈಪನ್ನು ಕೆಳಗೆಸೆದಳು.

“ಸುಳ್ಳು ಹೇಳಲ್ಲ ಅಂದವಳು ನೀನೇ ತಾನೆ?”

“ಗೊತ್ತಿಲ್ದೆ ಅಂದೆ ಕಣೇ, ತಪ್ಪಾಯ್ತು. ಇನ್ನೊಂದೇ ಸಲ ಬಾ.”

“ಇಲ್ಲ ಅಂತ ಬರ್ದು ಕೊಟ್ಟಿದಾರೆ. ಇದೆ ಅನ್ನೋವರೆಗೂ ಚುಚ್ತಾನೇ ಇರ್ತಾರಾ?”

ಅಕ್ಕ ಬೈದಳು, ಅತ್ತಳು, ಕಾಲು ಹಿಡಿಯಲೂ ಹೋದಳು. ತಂಗಿಯ ಗಂಡನಿಗೆ ಹೇಳಿದರೆ, “ಅವಳು ನನ್ನ ಮಾತು ಯಾವತ್ತು ಕೇಳಿದಾಳೆ ಅಕ್ಕ?” ಎಂದ. ಡಾಕ್ಟರಮ್ಮ ಎರಡು ಸಲ ಫೋನ್ ಮಾಡಿದರು. ಶಾಲೆಯ ಪರೀಕ್ಷೆ ಮುಗೀಲಿ, ರಜೆ ಬರಲಿ ಎಂದು ತಂಗಿ ಮುಂದೂಡುತ್ತಲೇ ಎಂಟು ತಿಂಗಳು ಉರುಳಿದವು. ಬೇರೆ ಹೆಂಗಸರ ಕೈ ಹಿಡಿಯುವಾಗ ಅಕ್ಕನಿಗೆ ಹಳೆಯ ಮಾತು ಬಾಯಿಗೆ ಬರುತ್ತಿರಲಿಲ್ಲ.

ಕೊನೆಗೆ ತಂಗಿ ತಾನಾಗಿ ಬಂದಳು. ಕಂಕುಳಲ್ಲಿ ಗಂಟು ಕಾಣಿಸಿಕೊಂಡಿತ್ತು. ಈ ಸಲ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಎದೆಯನ್ನು ಎರಡು ಫಲಕಗಳ ನಡುವೆ ಒತ್ತಿ ಹಿಡಿದು, ಆಳವನ್ನು ಯಂತ್ರದಿಂದಲೇ ಅಳೆದು ಸೂಜಿ ಹಾಕಿದರು. ತೆಗೆದ ತುಣುಕುಗಳಿಗೂ ಎಕ್ಸ್‌ರೇ ತೆಗೆದು ಚುಕ್ಕೆಗಳು ಬಂದಿವೆಯೇ ಎಂದು ನೋಡಿದರು. ಬಂದಿದ್ದವು. ಡಬ್ಬಿಗೆ ತಂಗಿಯ ಹೆಸರಿನ ಚೀಟಿಯನ್ನು ಅಕ್ಕ ಸೊಟ್ಟಗೆ ಅಂಟಿಸಿದಳು. ಕಿತ್ತು ಮತ್ತೆ ಅಂಟಿಸಿದಳು.

ಕ್ಯಾನ್ಸರ್. ಕಂಕುಳಿಗೂ ಹರಡಿತ್ತು.

ಆಪರೇಷನ್ ಆಯಿತು, ಕೀಮೋ ನಡೆಯುತ್ತಿದೆ. ವ್ಯಾನ್ ಬೇರೆಯವರ ಕೈಗೆ ಹೋಯಿತು. ಮೊನ್ನೆ ವಾಂತಿ ನಿಂತ ಮೇಲೆ ತಂಗಿ ಮೆಲ್ಲಗೆ ಕೇಳಿದಳು, “ಆವತ್ತೇ ಬಂದಿದ್ರೆ ಏನಾಗ್ತಿತ್ತಕ್ಕ?”

“ಅದೆಲ್ಲ ಈಗ ಯಾಕೆ? ಒಂದು ಗುಟುಕು ನೀರು ಕುಡಿ,” ಎಂದು ಅಕ್ಕ ಲೋಟ ಹಿಡಿದಳು. ತಂಗಿ ಕುಡಿಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.